ಕೆಂಪ ಒಪ್ಪೂದಿಲ್ಲ ಅಂದವ್ರಿಗೆ

ಹೋದ ವೈಶಾಖದಾಗ ನಮ್ಮಣ್ಣನ ಮಗನ ಲಗ್ನಕ್ಕ ನೀವೆಲ್ಲಾರೂ ಬಂದಿದ್ರಿ. ಆ ಮಂಟಪದಾಗ ನಾವು ಸೀರಿ ಉಟ್ಟ ಖೋಲಿ ನೆನಪೈತಿಲ್ಲೊ? ಒಂದ ಕನ್ನಡಿ, ಹದಿನಾಲ್ಕು ಮಂದಿ ಹೆಣಮಕ್ಕಳು, ಸದ್ದು ಮಾಡೂದು ಬಿಟ್ರ ಗಾಳಿ ಕೊಡದ ಒಂದು ಫ್ಯಾನು. ಹುಡುಗನ ತಂಗಿನ ಕಳಸಗಿತ್ತಿ. ಇಪ್ಪತ್ತು ವರ್ಷದ ಹುಡುಗಿ. ಬಣ್ಣ ನಮ್ಮ ತವರಮನಿದು, ನಂದೂ ಅದ, ಸಾದಗಪ್ಪು. ಇಳಕಲ್ ಸೀರಿ ಉಟ್ಟು, ಹೂವ ಮುಡದು, ಚೀಲದಾಗಿಂದ ಒಂದು ಲಿಪ್‌ಸ್ಟಿಕ್ ತಗದ್ಳು. ಗಾಢ ಕೆಂಪು, ದಾಳಿಂಬಿ ಕಾಳಿನ ಕೆಂಪು. 180 ರೂಪಾಯಿದ್ದು. ಓಣಿ ಹುಡುಗರಿಗೆ ಟ್ಯೂಶನ್ ಹೇಳಿ ತಾನ ಗಳಿಸಿದ ರೊಕ್ಕದಾಗ ತಗೊಂಡಿದ್ಳು. ಹಚ್ಕೊಂಡು ಹಿಂದಕ್ಕ ತಿರುಗಿ ನಮ್ಮನ್ನೆಲ್ಲಾ ನೋಡಿ ನಕ್ಕಳು.

ಮೊದಲ ಬಾಯಿ ತಗದವ್ರು ಯಾರು ಅಂತ ನಾ ಹೇಳೂದಿಲ್ಲ, ಅವ್ರೂ ಇದನ್ನ ಓದ್ತಾರ. "ಏ, ಅದು ನಿನ್ನ ಬಣ್ಣಕ್ಕ ಒಪ್ಪೂದಿಲ್ಲವಾ, ತಿಳಿದು ಏನರ ಹಚ್ಕೊ." ಎರಡನೇದವ್ರು, "ಫೋಟೋದಾಗ ಬರೇ ತುಟಿನ ಕಾಣತಾವ ನೋಡು." ಮೂರನೇದವ್ರು, "ಇನ್ನ ಲಗ್ನ ಆಗಬೇಕಾದ ಹುಡುಗಿ, ಬೀಗರ ಕಡೆಯವ್ರು ಏನಂದಾರು?" ಹುಡುಗಿ ನನ್ನ ಮಾರಿ ನೋಡಿದ್ಳು. ನಾ ಆಕಿ ಅತ್ತಿ, ಎತ್ತಿ ಆಡಿಸಿದಾಕಿ. ಒಂದ ಮಾತು, "ಚಂದ ಕಾಣತೈತಿ, ಇರ್ಲಿ ಬಿಡ್ರಿ" ಅಂದಿದ್ರ ಮುಗೀತಿತ್ತು. ನಾ ಏನ ಮಾಡಿದೆ? ಸೊಂಟಕ್ಕ ಸಿಗಿಸಿದ್ದ ಕರವಸ್ತ್ರ ತಗದು ಆಕಿ ಕೈಯಾಗ ಕೊಟ್ಟೆ.

ಒರಸ್ಕೊಂಡ್ಳು. ಯಾರದೋ ಒಂದು ತಿಳಿಗುಲಾಬಿ ಹಚ್ಚಿ ಕಳಸ ಕೈಯಾಗ ಕೊಟ್ವಿ. ಈಗ ಆಲ್ಬಮ್ ಬಂದೈತಿ. ಬಂದು ನೋಡ್ರಿ. ಸೆರಗು ಕೆಂಪು, ಹಣಿ ಮ್ಯಾಲಿನ ಕುಂಕಮ ಕೆಂಪು, ಕೈಯಾಗಿನ ಗೋರಂಟಿ ಕೆಂಪು, ನಡುವ ಹುಡುಗಿ ತುಟಿ ಮಾತ್ರ ವಿಭೂತಿ ತೊಡದಂಗ ಐತಿ. ಜ್ವರದಾಗಿಂದ ಎದ್ದು ಬಂದಾಕಿ ಗತೆ ಕಾಣತಾಳ. ನಗುವೂ ಇಲ್ಲ ಬಿಡ್ರಿ, ಅದನ್ನೂ ಕರವಸ್ತ್ರದಾಗ ಒರಸಿದ್ವಿ.

ಅವತ್ತಿಂದ ನನಗ ಸಿಟ್ಟು. ನಿಮ್ಮ ಮ್ಯಾಲೂ, ನನ್ನ ಮ್ಯಾಲೂ. ಅಡಗಿ ಮಾಡುವಾಗ, ಅರಬಿ ಒಗಿಯುವಾಗ ಅದ ಮಾತು ತಲಿಯೊಳಗ ತಿರುಗತೈತಿ. ಒಪ್ಪೂದಿಲ್ಲ ಅಂದ್ವಲ್ಲ, ಯಾವ ಲೆಕ್ಕದಾಗ ಒಪ್ಪೂದಿಲ್ಲ? ಕುಂತು ವಿಚಾರ ಮಾಡೂಣು ಬರ್ರಿ.

ಮೊದಲ ನಮ್ಮ ಇಳಕಲ್ ಸೀರಿನ ತಗೋರಿ. ಒಡಲು ಹಸರ ಇರಲಿ, ನೀಲಿ ಇರಲಿ, ಕಪ್ಪ ಚಂದ್ರಕಾಳಿ ಇರಲಿ, ಸೆರಗು ಮಾತ್ರ ಕೆಂಪು, ಅದರ ಮ್ಯಾಲೆ ಬಿಳಿ ತೋಪ ತೆನಿ. ಬೆಳ್ಳಗಿನಾಕಿಗೆ ಒಂದು ಸೆರಗು, ಕಪ್ಪನಾಕಿಗೆ ಇನ್ನೊಂದು ಸೆರಗು ಅಂತ ಯಾವ ನೇಕಾರನೂ ನೇಯ್ದಿಲ್ಲ. ಬಿಸಲಾಗ ದುಡದು ಕಪ್ಪಾದ ನಮ್ಮ ಹೊಲದ ಹೆಣಮಕ್ಕಳು ಆ ಕೆಂಪ ಸೆರಗು ತಲಿ ಮ್ಯಾಲೆ ಹೊತ್ಕೊಂಡು ಬದುವಿನ ಮ್ಯಾಲೆ ನಡದು ಬಂದ್ರ, ಎಷ್ಟ ಚಂದ ಅಂತ ನಾವ ಅಂತೀವಿ. ಪ್ಯಾಟಿಯವ್ರು ಬಂದು ಫೋಟೋ ತಕ್ಕೊಂಡು ಹೋಗ್ತಾರ. ಆ ಸೆರಗಿಗೂ ತುಟಿಗೂ ನಾಕ ಬೆರಳ ಅಂತರ. ಸೆರಗಾಗಿದ್ರ ಒಪ್ಪತೈತಿ, ನಾಕ ಬೆರಳ ಈ ಕಡೆ ಬಂದ್ರ ಒಪ್ಪೂದಿಲ್ಲ. ಇದು ಕಣ್ಣಿನ ಲೆಕ್ಕ ಅಲ್ಲ, ಮನಸಿನ ಲೆಕ್ಕ.

ನಮ್ಮ ಮಾತಾದ್ರೂ ನೋಡ್ರಿ. ಹೆಣ್ಣ ನೋಡಿ ಬಂದವ್ರನ್ನ ಹುಡುಗಿ ಹೆಂಗದಾಳ ಅಂತ ಕೇಳಿದ್ರ, "ಕೆಂಪಗದಾಳ" ಅಂತಾರ. ಬೆಳ್ಳಗದಾಳ ಅಂತ ಅದರ ಅರ್ಥ. ಎಣ್ಣಿಗೆಂಪು, ಗೋದಿಬಣ್ಣ, ಸಾದಗಪ್ಪು ಅಂತ ಕಾಳಿನ ವ್ಯಾಪಾರದವ್ರ ಗತೆ ನಾವು ಹುಡುಗ್ಯಾರನ್ನ ತರಾ ಹಚ್ಚಿ ಇಟ್ಟೀವಿ. ಕೆಂಪು ಅನ್ನೋದ ಹೊಗಳಿಕಿ. ಆದ್ರ ಚರ್ಮಕ್ಕ ಕೆಂಪು ಸಿಗದಾಕಿ ತುಟಿಗೆ ಒಂದೀಟು ಕೆಂಪು ತಗೊಂಡ್ರ, ಆಗ ಅದು ಹೆಚ್ಚಾತು.

ನಮ್ಮ ಆಯಿನ್ನ ನೆನಸ್ರಿ. ನಮಗಿಂತ ಕಪ್ಪು ಆಕಿ. ದಿನಾ ಊಟ ಆದಮ್ಯಾಲೆ ಎಲಿ, ಅಡಕಿ, ಸುಣ್ಣ, ಒಂದು ಚೂರು ಕಾಚು. ಸಂಜಿತನಾ ತುಟಿ ಕೆಂಪಂದ್ರ ಕೆಂಪು. "ಎಲಿ ಹಾಕ್ಕೊಂಡು ಎಷ್ಟ ಕಳಿ ಬಂದೈತಿ ನೋಡ್ರಿ ಮಾರಿಗೆ" ಅಂತಿದ್ರು ಓಣ್ಯಾಗಿನವ್ರು. ಯಾರೂ ಆಕಿಗೆ ಒರಸ್ಕೋ ಅನ್ನಲಿಲ್ಲ. ಖರೆ ಹೇಳಬೇಕಂದ್ರ ಒರಸ್ಕೋಬೇಕಾದ್ದು ಅದು. ತಂಬಾಕ ಇಲ್ಲದಿದ್ರೂ ಎಲಿ-ಅಡಕಿ ಕ್ಯಾನ್ಸರ್ ತರತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು 2004ರ ವರದಿಯೊಳಗ ಬರದಾರ. ಅದಕ್ಕ ನಾವು ತಾಟಿನ್ಯಾಗ ಇಟ್ಟು ಕೈಮುಗದು ಕೊಡತೀವಿ. 180 ರೂಪಾಯಿ ಬಣ್ಣಕ್ಕ ಪಂಚಾಯ್ತಿ ಸೇರಿಸತೀವಿ.

ಈ ತಿಳಿಬಣ್ಣದ ಉಪದೇಶ ಆಯಿ ಕಾಲದ್ದಲ್ಲ. ಬೆಳ್ಳಗ ಮಾಡೋ ಕ್ರೀಮು ನಮ್ಮ ದೇಶದ ಅಂಗಡಿಗೆ ಬಂದದ್ದು 1975ರಾಗ, ಫೇರ್ ಅಂಡ್ ಲವ್ಲಿ ಅಂತ. 2020ರಾಗ ಹೆಸರಿನ್ಯಾಗಿಂದ ಫೇರ್ ಅನ್ನೋದನ್ನ ತಗದು ಗ್ಲೋ ಅಂತ ಹಾಕಿದ್ರು. ನಡುವಿನ ನಲವತ್ತೈದು ವರ್ಷದಾಗ ಟೀವಿ ಮುಂದ ಕುಂತು ನಾವೆಲ್ಲಾ ಕಲತದ್ದು ಒಂದ ಪಾಠ: ಕಪ್ಪು ಅಂದ್ರ ಮುಚ್ಚಬೇಕಾದ್ದು. ಡಬ್ಬಿ ಮ್ಯಾಲಿನ ಹೆಸರು ಬದಲಾತು. ಸೀರಿ ಖೋಲ್ಯಾಗಿನ ನಮ್ಮ ಬಾಯಿ ಬದಲಾಗಿಲ್ಲ.

ಈಗ ಬಣ್ಣದ ಮಾತು. ತಿಳಿಗುಲಾಬಿ, ಮೈಬಣ್ಣ ಅಂತ ಮಾರ್ತಾರಲ್ಲ, ಅವುಗಳೊಳಗ ಬಿಳಿ ಪುಡಿ ಭಾಳ ಕೂಡಿಸಿರತಾರ. ಡಬ್ಬಿ ಮ್ಯಾಲೆ ಟೈಟೇನಿಯಮ್ ಡೈಆಕ್ಸೈಡ್ ಅಂತ ಬರದಿರತೈತಿ. ಗ್ವಾಡಿಗೆ ಹಚ್ಚೂ ಬಿಳಿ ಬಣ್ಣದಾಗ ಇರೂದೂ ಅದ. ನಮ್ಮಂಥವರ ತುಟಿ ಹುಟ್ಟಾನ ಕಂದು, ಕೆಲವರದು ಅಂಚಿಗೆ ಇನ್ನೂ ಕಪ್ಪು. ಅದರ ಮ್ಯಾಲೆ ಆ ಬಿಳಿ ಕೂಡಿದ್ದನ್ನ ಹಚ್ಚಿದ್ರ ಮಣ್ಣಿನ ಗ್ವಾಡಿಗೆ ಸುಣ್ಣ ತೆಳುವ ಬಳದಂಗ ಆಗತೈತಿ, ತಳದ ಬಣ್ಣ ಬೂದಿಯಾಗಿ ಹೊರಗ ಕಾಣತೈತಿ. ಗಾಢ ಬಣ್ಣದಾಗ ಬಿಳಿ ಕಡಿಮಿ, ಬಣ್ಣದ ಪುಡಿ ಹೆಚ್ಚು. ಕಂದು ತುಟಿ ಮ್ಯಾಲೆ ಅದು ಕುಂದಣದ ಗತೆ ಕುಂದರತೈತಿ. ಅಂದ್ರ ನಾವು ಮನಿಮನಿಯೊಳಗ ಹೇಳಿಕೊಂಡು ಬಂದದ್ದು ಪೂರಾ ಉಲ್ಟಾ. ತಿಳಿಬಣ್ಣ ಒಪ್ಪಬೇಕಂದ್ರ ತುಟಿ ತೆಳುಬಣ್ಣದ್ದಿರಬೇಕು. ಕಪ್ಪನಾಕಿಗೆ ಗಾಢ ಬಣ್ಣನ ಗೆಳತಿ.

ಅದರಾಗೂ ಕೆಂಪು ಅಂದ್ರ ಒಂದ ಅಲ್ಲ. ಒಂದು ರಾಣಿ ಬಣ್ಣದ ಕಡೆ ವಾಲಿದ ಕೆಂಪು, ದಾಳಿಂಬಿ, ಬೀಟರೂಟಿನ ತರದ್ದು. ಇನ್ನೊಂದು ಕೇಸರಿ ಕಡೆ ವಾಲಿದ್ದು, ಟೊಮೆಟೋ, ಕುಂಕಮದ ತರದ್ದು. ನನ್ನಂಥ ಸಾದಗಪ್ಪಿನವ್ರಿಗೆ ಮೊದಲನೇದು ಭಾಳ ಚಂದ. ದಿನಾ ನಾಕ ಸಲ ಚಹಾ ಕುಡದ ಹಲ್ಲೂ ಅದರ ಜೋಡಿ ಸ್ವಲ್ಪ ಬೆಳ್ಳಗ ಕಾಣತಾವ, ಅದು ಬ್ಯಾರೆ ಲಾಭ. ಗೋದಿಬಣ್ಣದವ್ರು ಕೇಸರಿಗೆಂಪು ಹಚ್ಚಿ ನೋಡ್ರಿ, ಮಾರಿಗೆ ಬಿಸಲು ಬಿದ್ದಂಗ ಆಗತೈತಿ. ರಾಣಿ ಬಣ್ಣ ಇಬ್ಬರಿಗೂ ನಡೀತೈತಿ. ಇಟ್ಟಂಗಿ ಕೆಂಪು ಆಫೀಸಿಗೆ ಹೋಗೂವವ್ರಿಗೆ ಛಲೋ, ಮ್ಯಾನೇಜರೂ ಹೆದರೂದಿಲ್ಲ. ಬೆಳ್ಳಗಿನವ್ರಿಗೆ ನಾ ಏನೂ ಹೇಳೂದಿಲ್ಲ, ಅವ್ರಿಗೆ ಹೇಳಾಕ ಮಂದಿ ಭಾಳ ಅದಾರ.

ಲಗ್ನ ಆಗಿ ಒಂದು ತಿಂಗಳಿಗೆ ನಾ ಹುಬ್ಬಳ್ಳಿ ದುರ್ಗದಬೈಲಿಗೆ ಹೋದೆ, ಒಬ್ಬಾಕಿನ. ಬಳಿ ಅಂಗಡಿ ಸಾಲಿನ್ಯಾಗ ಒಂದು ಸಣ್ಣ ಅಂಗಡಿ. ಕುಂತ ಹುಡುಗ ನನ್ನ ಮಾರಿ ನೋಡಿದವನ, ಕೇಳದ ಮೊದಲ ತಿಳಿಬಣ್ಣದ ನಾಕು ತಗದು ಮುಂದ ಇಟ್ಟ. ಅವನಿಗೂ ಅದ ಪಾಠ ಆಗೈತಿ ಪಾಪ. "ಕೆಂಪ ತೋರಸಪಾ" ಅಂದೆ. "ಮಗಳಿಗೇನ್ರಿ ಆಂಟಿ?" ಅಂದ. "ನನಗ" ಅಂದೆ. ಆ ಮೂರಕ್ಷರ ಹೇಳೂದಕ್ಕ ನನಗ ನಲವತ್ತೇಳು ವರ್ಷ ಬೇಕಾತು.

ಅಂಗಡ್ಯಾಗ ಎಲ್ಲಾರೂ ಹಚ್ಚಿ ನೋಡಿದ್ದ ಕಡ್ಡಿನ ತುಟಿಗೆ ಹಚ್ಚಬ್ಯಾಡ್ರಿ, ಹತ್ತು ಮಂದಿ ಬಾಯಿ ಮುಟ್ಟಿರತೈತಿ ಅದು. ಅಂಗೈ ಹಿಂದ ಹಚ್ಚಿ ನೋಡೂದೂ ದಂಡ. ಬೆರಳ ತುದಿಗೆ, ಉಗುರಿನ ಹಿಂದಿನ ಮೆತ್ತನ ಜಾಗಾಕ್ಕ ಹಚ್ರಿ, ತುಟಿ ಬಣ್ಣಕ್ಕ ಹತ್ತಿರದ್ದು ಅದ. ಹಚ್ಚಿದ ಮ್ಯಾಲೆ ಅಂಗಡಿ ಟ್ಯೂಬ್‌ಲೈಟಿನ್ಯಾಗ ನಂಬಬ್ಯಾಡ್ರಿ, ಬಾಗಲ ಹೊರಗ ಬಂದು ಬಿಸಲಾಗ ಆ ಬೆರಳು ಮಾರಿ ಹತ್ತಿರ ಹಿಡದು ಮೊಬೈಲಿನ್ಯಾಗ ನೋಡ್ಕೋರಿ. ಸೀರಿ ಅಂಗಡ್ಯಾಗ ನಾವೆಲ್ಲಾ ಸೀರಿನ್ನ ಬಾಗಲಿಗೆ ತಂದು ನೋಡೂದಿಲ್ಲೇನು? ಹಂಗ.

ರೊಕ್ಕದ ಮಾತು ಬರತೈತಿ ಅಂತ ಗೊತ್ತೈತಿ ನನಗ. "ಮನಿ ನಡಸೋದ ಕಷ್ಟ, ಇದೆಲ್ಲ ಯಾಕ ಬೇಕ?" ಲೆಕ್ಕ ಮಾಡೂಣು. ಒಂದು ಕಡ್ಡಿಯೊಳಗ ಮೂರೂವರಿ, ನಾಕು ಗ್ರಾಮ್ ಇರತೈತಿ, ಡಬ್ಬಿ ಮ್ಯಾಲೆ ಬರದಿರತಾರ. ಚಂದ ಚಂದ ಸಣ್ಣ ಡಬ್ಬಿ ನೋಡಿ ಮರುಳಾಗಬ್ಯಾಡ್ರಿ. ಅದು ಒಂದೂವರಿ ಗ್ರಾಮ್ ಇದ್ದು 150 ಆದ್ರ, ನಾಕು ಗ್ರಾಮಿಂದು 200ಕ್ಕ ಸಿಕ್ಕರ ಯಾವದು ಅಗ್ಗ? ಬ್ಯಾಳಿ ತಗೊಳ್ಳುವಾಗ ಕಿಲೋ ಲೆಕ್ಕ ಹಾಕೂವವ್ರು ಇಲ್ಲಿ ಯಾಕ ಮರೀತೀರಿ? ನಾ ತಗೊಂಡದ್ದು 190 ರೂಪಾಯಿ. ವಾರಕ್ಕ ಮೂರು ಸಲ ಹಚ್ಚಿದ್ರೂ ಒಂದು ವರ್ಷ ಬರತೈತಿ. ಅಂದ್ರ ಒಂದ ಸಲಕ್ಕ ಒಂದೂಕಾಲು ರೂಪಾಯಿ. ನಮ್ಮ ಮನಿಯವ್ರು ಸಂಜಿಕ ಹೊರಗ ಕುಡಿಯೋ ಒಂದು ಚಹಾಕ್ಕ ಇದಕ್ಕಿಂತ ಹೆಚ್ಚು ಹೋಗತೈತಿ, ಅದು ಯಾಕ ಬೇಕು ಅಂತ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.

ಹನ್ನೆರಡು ಬಣ್ಣ ಬ್ಯಾಡ. ಎರಡು ಸಾಕು, ಒಂದು ದಾಳಿಂಬಿ, ಒಂದು ರಾಣಿ. ಎರಡೂ ಕೂಡಿಸಿ ಹಚ್ಚಿದ್ರ ಮೂರನೇದು. ಬೆರಳಿನಿಂದ ಬರೇ ತಟ್ಟಿ ತಟ್ಟಿ ಹಚ್ಚಿದ್ರ ತೆಳು, ಅದು ಮುಂಜಾನೆ ಸಾಲಿಗೆ ಹುಡುಗರನ್ನ ಬಿಟ್ಟು ಬರಾಕ. ಒಂದ ಚುಕ್ಕಿ ಗಲ್ಲಕ್ಕೂ ತಟ್ಟಬಹುದು, ಬ್ಯಾರೆ ಡಬ್ಬಿ ಬೇಕಾಗೂದಿಲ್ಲ. ಕಡ್ಡಿ ಸವದು ತಳಕ್ಕ ಹೋತು ಅಂತ ಒಗೀಬ್ಯಾಡ್ರಿ, ತೋಳಿಯೊಳಗ ಇನ್ನೂ ಇರತೈತಿ. ತಲಿಪಿನ್ನಿನಿಂದ ಕೆರದು ಹಳೇ ಕುಂಕಮದ ಭರಣಿ ತೊಳದು ಒಣಗಿಸಿ ಅದರಾಗ ಹಾಕ್ರಿ. ಬಿಸಿನೀರಿನ ಬಟ್ಟಲದಾಗ ಭರಣಿ ಇಟ್ರ ಕರಗಿ ಒಂದಾಗತೈತಿ, ಆರಿದ ಮ್ಯಾಲೆ ಬೆರಳಿನಿಂದ ಹಚ್ಕೋಬಹುದು. ನನಗ ಹಿಂಗ ಇನ್ನೂ ಒಂದು ತಿಂಗಳ ಬಂತು.

ಅಗ್ಗದ್ದು ಅಂದ್ರ ಖೊಟ್ಟಿ ಅಲ್ಲ, ಇದನ್ನ ಮಾತ್ರ ಚಂದಗ ತಿಳ್ಕೋರಿ. ಯಾವ ಲಿಪ್‌ಸ್ಟಿಕ್ ಆದ್ರೂ ಒಳಗ ಇರೂದು ಮೇಣ, ಎಣ್ಣಿ, ಬಣ್ಣ. ಎಣ್ಣಿ ಅಂದ್ರ ಭಾಳ ಸಲ ನಮ್ಮ ಔಡಲೆಣ್ಣಿನ. ಸಾವಿರ ರೂಪಾಯಿದಾಗೂ ಅದ, ಇನ್ನೂರದಾಗೂ ಅದ. ಆದ್ರ ಸಂತಿ ಗಾಡಿ ಮ್ಯಾಲೆ ದೊಡ್ಡ ಹೆಸರಿಂದು 50 ರೂಪಾಯಿಗೆ ಕೊಡತೀನಿ ಅಂದ್ರ ಕೈ ಹಿಂದಕ್ಕ ತಗೋರಿ. 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಡಬ್ಬಿ ಮ್ಯಾಲೆ ಮಾಡಿದವರ ಹೆಸರು, ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ಯಾವಾಗಿನ ತನಕ ಬಳಸಬೇಕು ಅನ್ನೋದು ಇರಬೇಕು. ಬಣ್ಣಕ್ಕಂತ ಸೀಸ, ಆರ್ಸೆನಿಕ್ ಸೇರಸೂದನ್ನೂ ಕಾಯ್ದೆ ನಿಷೇಧ ಮಾಡೈತಿ. ಹೆಸರು ವಿಳಾಸ ಇಲ್ಲದವನು ಈ ಕಾಯ್ದೆ ಓದಿರತಾನೇನು? ತುಟಿಗೆ ಹಚ್ಚಿದ್ದು ಊಟದ ಜೋಡಿ ಹೊಟ್ಟಿಗೂ ಹೋಗತೈತಿ, ಅದಕ್ಕ ಹೇಳಿದೆ. ಹೊಸದನ್ನ ಮೊದಲ ಮೊಣಕೈ ಒಳಮೈಗೆ ಹಚ್ಚಿ ಒಂದು ದಿನ ನೋಡ್ರಿ, ತುರಿಸಿದ್ರ ಬ್ಯಾಡ. ಹಳೇ ಎಣ್ಣಿ ಗತೆ ವಾಸನಿ ಬಂದ್ರ ಎಷ್ಟ ತುಟ್ಟಿದಿದ್ರೂ ಒಗೀರಿ.

ನಮ್ಮಂಥ ಶಾಕಾಹಾರಿ ಮನಿಯವ್ರಿಗೆ ಇನ್ನೊಂದು ಮಾತು. ಕೆಲವು ಕೆಂಪಿನ್ಯಾಗ ಕಾರ್ಮೈನ್ ಅಂತ ಇರತೈತಿ. ಪಾಪಾಸಕಳ್ಳಿ ಮ್ಯಾಲೆ ಬೆಳಿಯೋ ಒಂದು ಸಣ್ಣ ಹುಳ, ಅದನ್ನ ಒಣಗಿಸಿ ತಗದ ಬಣ್ಣ ಅದು. ಡಬ್ಬಿ ಮ್ಯಾಲೆ ಸಿಐ 75470 ಅಂತ ನಂಬರಿನ ರೂಪದಾಗ ಇರಬಹುದು. ಬ್ಯಾಡಾದ್ರ ಆ ನಂಬರು ನೋಡ್ರಿ, ಇಲ್ಲಾ ಹಸರು ಚುಕ್ಕಿ ಇದ್ದದ್ದು ತಗೋರಿ.

ಹಚ್ಚೂದು ಏನ ದೊಡ್ಡ ವಿದ್ಯಾ ಅಲ್ಲ. ಮೊದಲ ತುಟಿಗೆ ಒಂದ ಹನಿ ತುಪ್ಪ ಸವರಿ ಹತ್ತು ನಿಮಿಷ ಬಿಟ್ಟು ಒರಸ್ರಿ, ಇಲ್ಲಂದ್ರ ಚಳಿಗಾಲದಾಗ ಒಡದ ತುಟಿ ಸಂದಿಯೊಳಗ ಬಣ್ಣ ಕುಂದರತೈತಿ. ಒಂದು ಕೈ ಹಚ್ಚಿ, ಹಳೇ ಹತ್ತಿಸೀರಿ ತುಂಡಿನಿಂದ ಒತ್ತಿ ತಗದು, ಮತ್ತೊಂದು ಕೈ ಹಚ್ರಿ. ಉಳೀತೈತಿ. ಆದ್ರ ಎಣಗಾಯಿ ಬದನಿಕಾಯಿ ಜೋಡಿ ರೊಟ್ಟಿ ತಿಂದ್ರ ಯಾವ ದೇಶದ ಲಿಪ್‌ಸ್ಟಿಕ್ಕೂ ಉಳಿಯೂದಿಲ್ಲ, ಎಣ್ಣಿಗೆ ಎಣ್ಣಿನ ಕರಗತೈತಿ. ತಿನ್ರಿ, ಮತ್ತ ಹಚ್ಕೋರಿ. ರಾತ್ರಿ ಕೊಬ್ಬರಿ ಎಣ್ಣಿಯಿಂದ ತಗದು ಮಲಗ್ರಿ.

ಚಿಗವ್ವನ ಮಾತು ಹೇಳದ ಬಿಡಬೇಕು ಅಂದಿದ್ದೆ. ಆಗೂದಿಲ್ಲ. ಕಾಕಾ ತೀರಿಕೊಂಡು ಐದು ವರ್ಷ ಆತು. ಆಕಿಗೆ ಈಗ ಐವತ್ತೆರಡು. ದಿನಾ ಬಸ್ಸಿನ್ಯಾಗ ಹೋಗಿ ಕೆಲಸ ಮಾಡಿ ಮನಿ ನಡಸತಾಳ, ಇಬ್ಬರು ಮಕ್ಕಳನ್ನ ಓದಿಸ್ಯಾಳ. ನಾ ದುರ್ಗದಬೈಲಿನಿಂದ ತಂದದ್ದನ್ನ ತೋರಿಸಿದಾಗ ಮುಚ್ಚಳ ತಗದು ನೋಡಿದ್ಳು, ತಿರುವಿ ಮ್ಯಾಲ ಮಾಡಿದ್ಳು, ಕೆಳಗ ಮಾಡಿದ್ಳು, ಮೂಸಿ ನೋಡಿದ್ಳು. "ನನಗೂ ಮೊದಲ ಇಂಥಾದ್ದ ಇತ್ತು" ಅಂದ್ಳು. ಮುಚ್ಚಿ ತಿರುಗಿ ಕೊಟ್ಳು. ಆ ಮೊದಲಿಂದು ಏನಾತು ಅಂತ ನಿಮಗೆಲ್ಲಾ ಗೊತ್ತೈತಿ. ಕಾಕಾನ ಹನ್ನೊಂದನೇ ದಿನ ಆಕಿ ಬಳಿ ಜೋಡಿ ಅದನ್ನೂ ಯಾರೋ ಹೆಣಮಕ್ಕಳು ಕಪಾಟಿನಿಂದ ತಗದು ಒಯ್ದ್ರು. ಗಂಡಸರು ಯಾರೂ ಆ ಖೋಲಿಗೆ ಬಂದಿರಲಿಲ್ಲ. ನಾವ ಇದ್ವಿ. ಗಂಡಸರು ಬಿಡೂದಿಲ್ಲ, ಸಮಾಜ ಬಿಡೂದಿಲ್ಲ ಅಂತೀವಲ್ಲ, ಸೀರಿ ಖೋಲ್ಯಾಗೂ ಆ ಖೋಲ್ಯಾಗೂ ಯಾವ ಸಮಾಜ ಇತ್ತು?

"ಹಂಗಂದ್ರ ಎಲ್ಲಾರೂ ತುಟಿ ಕೆಂಪ ಮಾಡ್ಕೊಂಡು ತಿರುಗಬೇಕೇನು?" ಅಂತ ನಮ್ಮ ನೆಗೆಣ್ಣಿ ಕೇಳಿದ್ಳು. ಬ್ಯಾಡವಾ. ಬ್ಯಾಡಾದವ್ರು ಹಚ್ಚಬ್ಯಾಡ್ರಿ, ನಮ್ಮವ್ವ ಜೀವನದಾಗ ಹಚ್ಚಿಲ್ಲ, ಆಕಿಗೆ ಬೇಕಂತ ಅನಿಸೂದೂ ಇಲ್ಲ. ಹಚ್ಚದವ್ರಿಗೆ ಯಾರೂ ಕರವಸ್ತ್ರ ಕೊಡೂದಿಲ್ಲಲ್ಲ. ಹಚ್ಕೊಂಡಾಕಿಗೂ ಕೊಡಬ್ಯಾಡ್ರಿ, ಅಷ್ಟ ನನ್ನ ಜಗಳ.

ಹೋದ ಆಯಿತವಾರ ಅಣ್ಣನ ಮಗಳು ಮನಿಗೆ ಬಂದಿದ್ಳು. ಆ ಲಿಪ್‌ಸ್ಟಿಕ್ ಎಲ್ಲೈತಿ ಅಂತ ಕೇಳಿದೆ. "ಗೆಳತಿಗೆ ಕೊಟ್ಟೆ ಅತ್ತಿ, ಆಕಿ ಕೆಂಪಗದಾಳ, ಆಕಿಗೆ ಒಪ್ಪತೈತಿ" ಅಂದ್ಳು. ನಾ ಏನೂ ಅನ್ನಲಿಲ್ಲ, ಅನ್ನಾಕ ಮಾರಿ ಇರಲಿಲ್ಲ. ಕಪಾಟಿನಿಂದ ನಂದು ತಗದು ಆಕಿ ಮುಂದ ಕನ್ನಡಿ ಎದುರು ನಿಂತು ಹಚ್ಕೊಂಡೆ. ಕೈ ಅಳ್ಳಾಡಿ ಅಂಚಿಗೆ ಸ್ವಲ್ಪ ಹೊರಗ ಹೋತು. ಹುಡುಗಿ ಎದ್ದು ಬಂದು ಬೆರಳಿನಿಂದ ಸರಿ ಮಾಡಿದ್ಳು. ಮಾಡಿ, ಸುಮ್ನ ನನ್ನ ಮಾರಿ ನೋಡಕೋತ ನಿಂತ್ಳು. "ನಿನಗೂ ನನ್ನ ಬಣ್ಣನ ಐತಿ ಅಲ್ಲ ಅತ್ತಿ" ಅಂದ್ಳು.

ಮುಂದಿನ ತಿಂಗಳ ಹೊಸ ಸೊಸಿ ಕುಬಸ ಐತಿ. ಅದ ಮಂಟಪ, ಅದ ಖೋಲಿ, ಅದ ಒಂದು ಕನ್ನಡಿ. ನಾ ಲಗೂನ ಬಂದು ಕನ್ನಡಿ ಬಾಜೂಕ ಕುಂತಿರತೀನಿ. ಚೀಲದಾಗ ಎರಡು ಇರತಾವ, ದಾಳಿಂಬಿದು, ರಾಣಿದು, ಜೋಡಿಗೆ ಹತ್ತಿ ಕಡ್ಡಿ ಒಂದು ಡಬ್ಬಿ, ಒಬ್ಬರದು ಒಬ್ಬರು ಮುಟ್ಟೂದು ಬ್ಯಾಡ. ಹುಡುಗಿಗೆ ಹೊಸದೊಂದು ತಂದಿಟ್ಟೀನಿ, ಅದ ನಂಬರಿಂದು. ಚಿಗವ್ವ ಬರತೀನಿ ಅಂದಾಳ. ಆಕಿ ಹಚ್ಕೋತಾಳೋ ಬಿಡತಾಳೋ ಆಕಿಗೆ ಬಿಟ್ಟದ್ದು. ಆಕಿ ಕೈ ಚೀಲದ ಕಡೆ ಹೋದಾಗ ನೀವು ಯಾರೂ ಬಾಯಿ ತಗೀಬಾರದು, ಮುಂಚೇನ ಹೇಳಿಟ್ಟೀನಿ.